ಭೂಮಿ ತಂಡ

ಗೋಡೆಯ ಮೇಲೆ ರಾಕೆಟ್ಟು ಎರಡನೇ ಸಲ ಹಾರಿತು. ಮೊದಲ ಸಲ ಸದ್ದೇ ಬಂದಿರಲಿಲ್ಲ. ಬ್ಯಾಂಕಿನವರು ಪ್ರೊಜೆಕ್ಟರಿನ ವೈರು ಕಿತ್ತು ಮತ್ತೆ ಸಿಕ್ಕಿಸಿದ ಮೇಲೆ ಈಗ ಎಷ್ಟು ಜೋರಾಗಿ ಬಂತೆಂದರೆ ನರ್ಸಮ್ಮ ಎದೆ ಹಿಡಿದುಕೊಂಡರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ ಅವಳಿಗೆ ರಾಕೆಟ್ಟಿಗಿಂತ ಗೋಡೆಯ ಮೊಳೆಯೇ ಹೆಚ್ಚು ಕಾಣುತ್ತಿತ್ತು. ಹಳೆಯ ಕ್ಯಾಲೆಂಡರು ತೆಗೆದವರು ಮೊಳೆಯನ್ನು ಹಾಗೇ ಬಿಟ್ಟಿದ್ದರು. ಹೊಗೆ ಉಗುಳುತ್ತ ಮೇಲೇರುವ ರಾಕೆಟ್ಟು ಆ ಮೊಳೆಯನ್ನು ದಾಟಿಯೇ ಹೋಗಬೇಕಾಗಿತ್ತು, ದಾಟುವಾಗ ಅದರ ಹೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆ ಮೂಡಿ ಮಾಯವಾಗುತ್ತಿತ್ತು. ಬೇರೆ ಯಾರಿಗೂ ಅದು ಕಂಡಂತಿರಲಿಲ್ಲ. ಬೆಳಗಿನಿಂದ ಅವಳು ಒಂದೇ ಒಂದು ವಾಕ್ಯವನ್ನು ಬಾಯಲ್ಲಿ ಇಟ್ಟುಕೊಂಡಿದ್ದಳು, ತಾನು ಕೆಲಸ ಮಾಡುವ ಹೊಲಿಗೆ ಅಂಗಡಿಯಲ್ಲಿ ಅಂಚು ಮಡಿಸುವಾಗ ಗುಂಡುಸೂಜಿಯನ್ನು ತುಟಿಗಳ ನಡುವೆ ಕಚ್ಚಿಕೊಂಡಿರುವ ಹಾಗೆ: ನನ್ನ ಚಾಪೆ ತರಗತಿ ಹೋದ ವರ್ಷದ ಹಾಗೇ ಇರಲಿ. ಅಷ್ಟೇ. ಹೇಳಿಬಿಟ್ಟರೆ ಮುಗಿಯಿತು. ಆದರೆ ಗುಂಡುಸೂಜಿ ಕಚ್ಚಿಕೊಂಡವರು ಮಾತಾಡುವುದಿಲ್ಲ. ಅಂಗಡಿಯಲ್ಲಿ ಅವಳಿಗೆ ಒಪ್ಪುವ ಸಂಗತಿಯೆಂದರೆ ಅದೇ. ಬಾಯಲ್ಲಿ ಸೂಜಿ ಇರುವವರೆಗೆ ಯಾರೂ ಏನೂ ಕೇಳುವುದಿಲ್ಲ.

ಆರಾಧನೆ ಮುಗಿದು ಜನ ಚದುರಿದ ಮೇಲೆ ಚರ್ಚಿನ ಹಿಂದಿನ ಈ ಕೋಣೆಯಲ್ಲಿ ಉಳಿದವರು ಐದು ಜನ: ಚರ್ಚಿನ ಪಾಸ್ಟರಾದ ಸಭಾಪಾಲಕರು, ಲೆಕ್ಕಪತ್ರವನ್ನೂ ಬೀಗದ ಕೈಗಳನ್ನೂ ನೋಡಿಕೊಳ್ಳುವ ಬ್ಯಾಂಕಿನವರು, ನರ್ಸಮ್ಮ, ಅವಳು ಮತ್ತು ಅವಳ ಅತ್ತಿಗೆ. ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆಗೆ ಈ ವರ್ಷ ಯಾವ ಕಾರ್ಯಕ್ರಮ ತರಿಸುವುದು ಎಂದು ಇವತ್ತೇ ತೀರ್ಮಾನವಾಗಬೇಕಿತ್ತು. ಹೋದ ವರ್ಷದವರೆಗೆ ತರಿಸುವ ಮಾತೇ ಇರಲಿಲ್ಲ. ಯಾರಿಗೆ ಯಾವ ಕಥೆ ಬರುತ್ತದೋ ಅವರು ಅದನ್ನು ಹೇಳುತ್ತಿದ್ದರು, ಹಾಡು ಗೊತ್ತಿದ್ದವರು ಹಾಡಿಸುತ್ತಿದ್ದರು. ಈಗ ಎಲ್ಲವೂ ಡಬ್ಬದಲ್ಲಿ ಸಿದ್ಧವಾಗಿ ಬರುತ್ತದೆ: ಹಾಡು, ಕುಣಿತ, ಬಣ್ಣದ ಕಾಗದ, ಪುಸ್ತಕ, ಯಾವ ದಿನ ಯಾವ ಹೊತ್ತಿಗೆ ಮಕ್ಕಳು ನಗಬೇಕು ಎಂಬುದು ಸಹ. ಹುಡುಕಿ ಎರಡು ಕಾರ್ಯಕ್ರಮ ಆರಿಸಿ ತಂದವರು ಅತ್ತಿಗೆ. ಶಾಲೆಯಲ್ಲಿ ಪಾಠ ಹೇಳುವವರು. ಇಲ್ಲಿಯೂ ಗೋಡೆಯ ಪಕ್ಕ ನಿಂತರೆ ಕೈ ತಾನಾಗಿ ಸೀಮೆಸುಣ್ಣ ಹಿಡಿದ ಹಾಗೆ ಮಡಚಿಕೊಳ್ಳುತ್ತಿತ್ತು.

“ಪ್ರತಿ ಮಗೂಗೂ ಒಂದು ಪುಸ್ತಕ, ಪುಸ್ತಕದ ಹಿಂದುಗಡೆ ಒಂದು ಇಂಧನದ ಟ್ಯಾಂಕು,” ಎಂದರು ಅತ್ತಿಗೆ. “ಬೈಬಲ್ ವಚನ ಬಾಯಿಪಾಠ ಒಪ್ಪಿಸಿದ್ರೆ ಒಂದು ನಕ್ಷತ್ರ. ಅವತ್ತಿನ ಪುಟ ಓದಿ ಬರೆದು ಮುಗಿಸಿದ್ರೆ ಇನ್ನೊಂದು. ಟ್ಯಾಂಕ್ ತುಂಬಿದ ಮಕ್ಕಳು ಕೊನೇ ದಿನ ವೇದಿಕೆ ಮೇಲೆ ರಾಕೆಟ್ ಹತ್ತಿ ಹಾರ್ತಾರೆ. ಅಪ್ಪ ಅಮ್ಮಂದ್ರು ಫೋಟೋ ತೆಗೀಬಹುದು.”

“ತುಂಬದೇ ಇದ್ದೋರು?” ನರ್ಸಮ್ಮ ಕೇಳಿದರು.

“ಅವ್ರು ಭೂಮಿ ತಂಡ. ಕೆಳಗೆ ಸಾಲಾಗಿ ನಿಂತು ಹತ್ತು, ಒಂಬತ್ತು, ಎಂಟು ಅಂತ ಎಣಿಸ್ತಾರೆ, ಚಪ್ಪಾಳೆ ತಟ್ತಾರೆ. ಕೆಳಗೆ ಯಾರೂ ಇಲ್ದೆ ರಾಕೆಟ್ ಹಾರುತ್ತಾ? ಅವ್ರೂ ಅಷ್ಟೇ ಮುಖ್ಯ.”

“ಹೌದೌದು. ಆಪರೇಷನ್ ಕೋಣೆ ಹೊರಗೆ ಕೂತೋರಿಗೂ ನಾವು ಹಾಗೇ ಹೇಳ್ತೀವಿ.”

ಸಭಾಪಾಲಕರು ನಕ್ಕು, ನಗಬಾರದಿತ್ತೇನೋ ಎಂದು ಗಡ್ಡ ಸವರಿಕೊಂಡರು. ಎರಡನೆಯದು ಸಮುದ್ರ. ಅಲ್ಲಿ ನಕ್ಷತ್ರದ ಬದಲು ಮುತ್ತು, ರಾಕೆಟ್ಟಿನ ಬದಲು ಹಡಗು. ಮುತ್ತು ಸಾಲದವರು ದಡದಲ್ಲಿ ನಿಂತು ಕೈ ಬೀಸುತ್ತಾರೆ. ರಾಕೆಟ್ಟೋ ಸಮುದ್ರವೋ ಎಂದು ನಾಲ್ವರೂ ಚರ್ಚೆಗೆ ಬಿದ್ದರು, ರಾಕೆಟ್ಟು ಮಾಡುವುದು ಸುಲಭ, ರಟ್ಟು ಸುತ್ತಿದರಾಯಿತು, ಸಮುದ್ರಕ್ಕೆ ನೀಲಿ ಬಟ್ಟೆ ಬೇಕು ಎಂದು ಬ್ಯಾಂಕಿನವರು ಅವಳ ಕಡೆ ತಿರುಗಿ, “ನಿಮ್ಮಂಗಡೀಲಿ ತುಂಡು ಬಟ್ಟೆ ಉಳಿದಿರುತ್ತಲ್ಲಮ್ಮ?” ಎಂದರು. ಉಳಿದಿರುವುದು ಸಮವಸ್ತ್ರದ ಬಟ್ಟೆ, ಬೂದು ಬಣ್ಣದ್ದು. ಬೂದು ಬಣ್ಣದ ಸಮುದ್ರ. ಅವಳು ತಲೆಯಾಡಿಸಿದಳು, ಇದೆ ಎಂದೋ ಇಲ್ಲ ಎಂದೋ ಅವರಿಗೆ ತಿಳಿದಿರಲಾರದು, ಅವಳಿಗೂ ತಿಳಿಯಲಿಲ್ಲ. ಯಾವುದನ್ನು ಆರಿಸಿದರೂ ತನ್ನ ಮಕ್ಕಳು ನಿಲ್ಲುವ ಜಾಗ ಒಂದೇ ಎಂಬುದನ್ನು ಇಷ್ಟು ಸಲೀಸಾಗಿ, ಇಷ್ಟು ಬಣ್ಣದಲ್ಲಿ ತೋರಿಸಬಹುದೆಂದು ಅವಳು ಎಣಿಸಿರಲಿಲ್ಲ.

ತನ್ನ ಮಕ್ಕಳು. ಹಾಗೆ ಅಂದುಕೊಳ್ಳಲು ಅವಳಿಗೆ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಚರ್ಚಿನ ಹಿಂದೆ ಎದ್ದು ನಿಲ್ಲುತ್ತಿದ್ದ ದೊಡ್ಡ ಕಟ್ಟಡದ ಕೆಲಸದವರು ತಗಡಿನ ಶೆಡ್ಡುಗಳಲ್ಲಿದ್ದರು. ಹಗಲು ತಗಡು ಕಾದಾಗ ಅವರ ಮಕ್ಕಳು ನೆರಳು ಹುಡುಕಿಕೊಂಡು ಒಳಗೆ ಬಂದು ಕೊನೆಯ ಬೆಂಚಿನಲ್ಲಿ ಕೂತುಬಿಡುತ್ತಿದ್ದವು. ಒಂದು ಕಟ್ಟಡ ಮುಗಿದರೆ ಇನ್ನೊಂದು ಊರು, ಒಂದು ಶಾಲೆಯಲ್ಲಿ ಅಕ್ಷರ ಅರ್ಧ ಆಗುವಷ್ಟರಲ್ಲಿ ಇನ್ನೊಂದು ಶಾಲೆ, ಆಮೇಲೆ ಯಾವ ಶಾಲೆಯೂ ಇಲ್ಲ. ಹೋದ ವರ್ಷ ಅತ್ತಿಗೆಯೇ ಅವರಿಗೂ ಪೆನ್ಸಿಲು ಕಾಗದ ಕೊಟ್ಟು ನೋಡಿದ್ದರು. ಒಬ್ಬ ಪೆನ್ಸಿಲಿನಿಂದ ಕಿವಿ ಕೆರೆದುಕೊಂಡ, ಒಬ್ಬಳು ಕಾಗದವನ್ನು ಅಂದವಾಗಿ ಮಡಿಸಿ ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕುರ್ಚಿ ಜೋಡಿಸಲು ಬಂದಿದ್ದ ಅವಳು, ಯಾಕೆಂದು ಇವತ್ತಿಗೂ ಗೊತ್ತಿಲ್ಲ, ಮೂಲೆಯ ಚಾಪೆಯನ್ನು ಬಿಡಿಸಿ ನೆಲಕ್ಕೆ ಹಾಸಿದಳು. ಅವು ಬಂದು ಕೂತವು. ಕಥೆ ಹೇಳಿದಳು. ನಾಲ್ಕು ಜನರೆದುರು ಹೆಸರು ಕೇಳಿದರೆ ತಡವರಿಸುವವಳು, ಬಿರುಗಾಳಿಯಾಗಿ ಊದಿದಳು, ದೋಣಿಯಾಗಿ ತೂಗಿದಳು. ಪಾಠ ಎಂದು ಅವಳಿಗೆ ಅನ್ನಿಸಿರಲಿಲ್ಲ. ಮಾರನೆಯ ದಿನ ಅವು ಬಾಗಿಲಲ್ಲೇ ಚಪ್ಪಲಿ ಬಿಟ್ಟು “ಚಾಪೆ ಅಕ್ಕ ಎಲ್ಲಿ?” ಎಂದು ಕೂಗಿದಾಗ, ಮನುಷ್ಯರು ತನ್ನನ್ನು ಹುಡುಕುತ್ತಾರೆ ಎಂಬುದೇ ಅವಳಿಗೆ ಗಾಬರಿಯಾಗಿ, ಬಚ್ಚಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದಿದ್ದಳು.

“ಎಲ್ಲರಿಗೂ ಒಂದು ಹಾಳೆ ಕೊಟ್ಟಿದೀನಿ,” ಅತ್ತಿಗೆ ಅನ್ನುತ್ತಿದ್ದರು. “ರಾಕೆಟ್ಟಿನ ಉದ್ದೇಶಗಳು. ಒಬ್ಬೊಬ್ರು ಒಂದೊಂದು ಪ್ಯಾರಾ ಜೋರಾಗಿ ಓದೋಣ, ಎಲ್ಲರಿಗೂ ಮನಸ್ಸಲ್ಲಿ ಕೂರುತ್ತೆ.” ಸಭಾಪಾಲಕರು ಮೊದಲು, ಬ್ಯಾಂಕಿನವರು ಆಮೇಲೆ, ನರ್ಸಮ್ಮ, ನಂತರ ಅವಳು. ಅವಳ ಕಣ್ಣು ಆಗಲೇ ನಾಲ್ಕನೇ ಪ್ಯಾರಾಕ್ಕೆ ಹೋಗಿ ಕೂತಿತ್ತು. ಚಿಕ್ಕಂದಿನಲ್ಲಿ ಶಾಲೆಯಲ್ಲೂ ಹೀಗೇ, ಸರದಿ ಬರುವುದರೊಳಗೆ ತನ್ನ ಪಾಲಿನ ಸಾಲು ಯಾವುದೆಂದು ಬೆಂಚು ಲೆಕ್ಕ ಹಾಕಿ ಹುಡುಕಿ, ತುಟಿ ಅಲ್ಲಾಡದ ಹಾಗೆ ಅದನ್ನು ಹತ್ತು ಸಲ ಹೊರಳಿಸಿ ಸಿದ್ಧವಾಗಿರುತ್ತಿದ್ದಳು, ಮುಂದಿನ ಬೆಂಚಿನವಳೊಬ್ಬಳು ನೀರು ಕುಡಿಯಲು ಹೋಗಿ ಎಲ್ಲ ಏರುಪೇರಾಗುತ್ತಿತ್ತು, ಕಲಿತ ಸಾಲು ಬೇರೆಯವರಿಗೆ ಹೋಗಿ ಕಲಿಯದ್ದು ಅವಳ ಮೇಲೆ ಬೀಳುತ್ತಿತ್ತು, ಆಗ ಅಕ್ಷರಗಳು ಒಂದನ್ನೊಂದು ಗುರುತು ಹಿಡಿಯದ ನೆಂಟರ ಹಾಗೆ ನಿಂತುಬಿಡುತ್ತಿದ್ದವು. “ಕೂತ್ಕೋ” ಎಂದು ಟೀಚರು ಸಿಟ್ಟಿಲ್ಲದೆ ಹೇಳುತ್ತಿದ್ದರು. ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು. ಶಾಲೆ ಬಿಟ್ಟ ದಿನ ಅಂತ ಒಂದು ದಿನ ಇರಲಿಲ್ಲ. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಯಾಕೆ ಬರಲಿಲ್ಲವೆಂದು ಕೇಳಿಕೊಂಡು ಯಾರೂ ಬರಲಿಲ್ಲ. “ಅಯ್ಯೋ, ಈ ಅಕ್ಷರ ಇರುವೆ ಥರ ಇದೆ, ನಂಗೆ ಕಾಣಲ್ಲ, ಮುಂದೆ ಹೋಗ್ಲಿ,” ಎಂದರು ನರ್ಸಮ್ಮ. ಮೂರನೇ ಪ್ಯಾರಾ ಅವಳ ಮಡಿಲಿಗೆ ಬಿತ್ತು.

“ನಾನು ಕನ್ನಡಕ ಮರೆತು ಬಂದೆ,” ಎಂದಳು.

ಅವಳು ಕನ್ನಡಕ ಹಾಕಿದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ. “ಪರವಾಗಿಲ್ಲ ಕಣೇ, ನಾನೇ ಓದ್ತೀನಿ,” ಎಂದ ಅತ್ತಿಗೆಯ ದನಿಯಲ್ಲಿ ಎಷ್ಟು ಮೆತ್ತಗಿನ ದಯೆ ಇತ್ತೆಂದರೆ ಅವಳ ಕಿವಿ ಸುಟ್ಟಿತು. ಈ ದಯೆ ಅವಳಿಗೆ ಹೊಸದಲ್ಲ. ಅಣ್ಣನನ್ನು ಮದುವೆಯಾಗಿ ಬಂದ ಮೊದಲ ತಿಂಗಳಲ್ಲೇ ಅತ್ತಿಗೆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಚಿಕ್ಕ ಮಕ್ಕಳ ಪುಸ್ತಕ ತೆರೆದು, “ನಾನು ನಿಂಗೆ ಓದಿಸ್ತೀನಿ, ನಾಚ್ಕೋಬೇಡ,” ಎಂದು ಕೂರಿಸಿಕೊಂಡಿದ್ದರು. ಒಂದು ಪುಟ ತಡವರಿಸದೆ ಓದಿದ ದಿನ ತಮ್ಮ ಶಾಲೆಯ ಚೀಲದಿಂದ ಬಂಗಾರದ ಬಣ್ಣದ ಒಂದು ನಕ್ಷತ್ರ ತೆಗೆದು ಅವಳ ಪುಸ್ತಕಕ್ಕೆ ಅಂಟಿಸಿದರು. ಅಣ್ಣ ನಕ್ಕಿದ್ದ, ಪ್ರೀತಿಯಿಂದಲೇ. ನಾಚಿಕೆಯಾಗಿದ್ದು ನಗುವಿಗಲ್ಲ. ಆ ನಕ್ಷತ್ರ ಅವಳಿಗೆ ಇಷ್ಟವಾಗಿತ್ತು. ಮೀಸೆ ಬಂದ ಗಂಡಸರ ಅಂಗಿಗೆ ಕಾಜಾ ಮಾಡುವ ವಯಸ್ಸಿನಲ್ಲಿ, ಒಂದು ಕಾಗದದ ಚೂರಿಗಾಗಿ ಮರುದಿನ ಇನ್ನೂ ಹೆಚ್ಚು ಓದಬೇಕು ಅನ್ನಿಸಿತ್ತು. ಮರುದಿನ ತಡವರಿಸಿದಾಗ, ನಕ್ಷತ್ರವಿಲ್ಲದ ಆ ಬಿಳಿ ಜಾಗ ಇಡೀ ಸಂಜೆ ಅವಳನ್ನೇ ನೋಡುತ್ತ ಕೂತಿತ್ತು. ಮೂರನೇ ದಿನದಿಂದ ತಲೆನೋವು ಎಂದಳು. ನಕ್ಷತ್ರಗಳು ಕೆಲಸ ಮಾಡುತ್ತವೆ. ಅವು ಏನು ಮಾಡುತ್ತವೆಂದು ಗೊತ್ತಿರುವುದರಿಂದಲೇ ಅವಳಿಗೆ ಅವುಗಳ ಭಯ.

“ಹಾಗಾದ್ರೆ ರಾಕೆಟ್ಟೇ ಅಲ್ವಾ?” ಬ್ಯಾಂಕಿನವರು ಮಂಡಿ ತಟ್ಟಿಕೊಂಡರು. “ಜಾಗದ ವಿಷ್ಯ ನೋಡಿ. ಈ ಕೋಣೆ ಪುಸ್ತಕ ಬರೆಯೋಕೆ ಬೇಕಾಗುತ್ತೆ. ಮೇಜು ಹಾಕಬೇಕು.”

“ಚಾಪೆ ಮಕ್ಕಳು?” ಎಂದರು ನರ್ಸಮ್ಮ.

“ಎಲ್ಲರ ಜೊತೇಗೇ ಕೂರ್ಲಿ, ಬೇರೆ ಯಾಕೆ ಮಾಡೋದು,” ಎಂದರು ಅತ್ತಿಗೆ. “ಬರೆಯೋಕಾಗ್ದೇ ಇದ್ರೆ ಭೂಮಿ ತಂಡ ಇದ್ದೇ ಇದೆ. ಇವ್ಳಿಗೂ ಎಷ್ಟು ಅಂತ ಮಾಡೋಕಾಗುತ್ತೆ, ಗಂಟಲು ಕಟ್ಟಿ ಹೋಗಿತ್ತು ಹೋದ ಸಲ. ಈ ಸಲ ಬಿಸ್ಕತ್ತು, ನೀರು ನೋಡ್ಕೊಳ್ಲಿ, ಆರಾಮಾಗಿ.”

“ನಾನೊಂದು...” ಎಂದಳು ಅವಳು.

“ಫ್ಯಾನ್ ಕಮ್ಮಿ ಮಾಡ್ಲಾ?” ಬ್ಯಾಂಕಿನವರು ಎದ್ದೇ ಬಿಟ್ಟರು. ಫ್ಯಾನ್ ಕಮ್ಮಿಯಾಯಿತು. ಸಭಾಪಾಲಕರು ಗಡಿಯಾರ ನೋಡಿದರು. ಅವಳು ಇನ್ನೊಮ್ಮೆ ಬಾಯಿ ತೆರೆದಳು, ಅಷ್ಟರಲ್ಲಿ ಅತ್ತಿಗೆ ರಟ್ಟು ಎಲ್ಲಿ ಸಿಗುತ್ತದೆಂದು ಹೇಳತೊಡಗಿದರು. ಮಾತು ಮುಗಿಯಲೆಂದು ಕಾದಳು, ಮುಗಿಯಿತು, ಮುಗಿದ ಜಾಗಕ್ಕೆ ಬ್ಯಾಂಕಿನವರು ಬೆಳ್ಳಿ ಬಣ್ಣದ ಡಬ್ಬಿಯ ಮಾತಿನೊಂದಿಗೆ ಬಂದು ನಿಂತರು. ಯಾರೂ ಅವಳನ್ನು ತಡೆಯುತ್ತಿರಲಿಲ್ಲ. ಓಡುವ ಬಸ್ಸಿಗೆ ಬಾಗಿಲಿದೆ, ಹತ್ತಬೇಡ ಎಂದವರಿಲ್ಲ.

“ಸರಿ, ಪ್ರಾರ್ಥನೆ ಮಾಡೋಣ,” ಎಂದರು ಸಭಾಪಾಲಕರು.

ಈ ಸಭೆಯಲ್ಲಿ ಕೈ ಎತ್ತಿ ಮತ ಹಾಕುವ ಕ್ರಮವಿರಲಿಲ್ಲ. ಮಾತಾಡಿದ್ದನ್ನು ಸಭಾಪಾಲಕರು ಪ್ರಾರ್ಥನೆಯಲ್ಲಿ ದೇವರಿಗೆ ಒಪ್ಪಿಸುತ್ತಾರೆ, ಕೊನೆಗೆ ಸಭೆಯವರಲ್ಲಿ ಒಬ್ಬರು ಪ್ರಾರ್ಥಿಸಿ ಮುಗಿಸುತ್ತಾರೆ, ಎಲ್ಲರೂ ಆಮೆನ್ ಅನ್ನುತ್ತಾರೆ. ಆಮೆನ್ ಅಂದದ್ದು ಆಯಿತು. ಅದರ ಮೇಲೆ ಮತ್ತೆ ಮಾತಿಲ್ಲ. ಚರ್ಚಿನ ಗೋಡೆಯ ಬಣ್ಣ, ಸಮಾಧಿಯ ಜಾಗದ ತಕರಾರು, ಮೈಕಿನವನ ಬದಲಾವಣೆ, ಎಲ್ಲವೂ ಹಾಗೇ ತೀರ್ಮಾನವಾಗಿದ್ದವು. ಕಣ್ಣುಗಳು ಮುಚ್ಚಿದವು. ನೀನು ನಮಗೆ ತೋರಿಸಿಕೊಟ್ಟ ಈ ರಾಕೆಟ್ಟಿಗಾಗಿ ಸ್ತೋತ್ರ ಎಂದರು ಸಭಾಪಾಲಕರು. ಅವಳು ಕಣ್ಣು ಮುಚ್ಚಲಿಲ್ಲ. ನಾಲ್ಕು ಮುಚ್ಚಿದ ಮುಖಗಳನ್ನು ಒಂದೊಂದಾಗಿ ನೋಡಿದಳು. ಕಣ್ಣು ಮುಚ್ಚಿದ ಮನುಷ್ಯರು ಎಷ್ಟು ಚಿಕ್ಕವರಾಗಿ ಕಾಣುತ್ತಾರೆ! ಅತ್ತಿಗೆಯ ಹುಬ್ಬಿನ ಮೇಲೆ ಗೋಡೆಯ ಸುಣ್ಣದ ಪುಡಿ ಇತ್ತು. ತನಗಾಗಿ ಮೇಜಿನ ಮೇಲೆ ಪುಸ್ತಕ ತೆರೆದವರು, ಜ್ವರ ಬಂದಾಗ ಹಣೆ ಒರೆಸಿದವರು. ಈಗ ತಾನು ಮಾಡಲಿರುವುದು ಅನ್ನ ಹಾಕಿದ ಕೈಗೆ ಮಾಡುವ ದ್ರೋಹ ಅನ್ನಿಸಿತು. ಅನ್ನಿಸಲಿ ಅಂದುಕೊಂಡಳು. ಅನ್ನಿಸಿದ್ದಕ್ಕೆಲ್ಲ ತಲೆಬಾಗಿದ್ದು ಸಾಕು.

“ಯಾರಾದ್ರೂ ಒಬ್ರು ಮುಗಿಸಿ,” ಎಂದರು ಸಭಾಪಾಲಕರು. ಮುಗಿಸುವವರು ಯಾವಾಗಲೂ ಬ್ಯಾಂಕಿನವರೇ. ಅವರು ಗಂಟಲು ಸರಿಮಾಡಿಕೊಂಡರು. ಆ ಕೆಮ್ಮಿಗೂ ಮೊದಲ ಮಾತಿಗೂ ನಡುವಿನ ಸಂದಿಯಲ್ಲಿ ಅವಳು, “ಕರ್ತನೇ,” ಎಂದಳು.

ತನ್ನ ದನಿ ತನಗೇ ಪಕ್ಕದ ಮನೆಯವರದು ಅನ್ನಿಸಿತು. ಆದರೆ ಕೋಣೆಯಲ್ಲಿ ಒಬ್ಬರೂ ಅಲುಗಾಡಲಿಲ್ಲ, ಒಬ್ಬರೂ ಫ್ಯಾನಿನ ಕಡೆ ಏಳಲಿಲ್ಲ. ಪ್ರಾರ್ಥನೆಯ ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಇಷ್ಟು ವರ್ಷ ಇದೇ ಬೆಂಚುಗಳಲ್ಲಿ ಕೂತು, ಈ ಬಾಗಿಲು ತೆರೆದೇ ಇದ್ದದ್ದು ಅವಳಿಗೆ ಹೊಳೆದಿರಲಿಲ್ಲ. ಈ ಕೋಣೆಯಲ್ಲಿ ಅವಳು ನೀನು ಅನ್ನಬಹುದಾದವನು ಅವನೊಬ್ಬನೇ. ಉಳಿದ ಎಲ್ಲರೂ ನೀವು.

“ರಾಕೆಟ್ಟು ಚೆನ್ನಾಗಿದೆ ಕರ್ತನೇ. ಅತ್ತಿಗೆ ಕಷ್ಟಪಟ್ಟು ಹುಡುಕಿದಾರೆ, ಅವ್ರಿಗೆ ಒಳ್ಳೇದು ಮಾಡು. ಆದ್ರೆ ನನ್ನ ಚಾಪೆ ಮಕ್ಕಳು ಅದನ್ನ ಹತ್ತೋಕಾಗಲ್ಲ. ಅದು ನಿಂಗೆ ಗೊತ್ತು. ಇಲ್ಲಿರೋರಿಗೂ ಗೊತ್ತು. ಗೊತ್ತಿದ್ದೇ ಹೆಸರಿಟ್ಟಿದಾರೆ, ಭೂಮಿ ತಂಡ ಅಂತ.” ಉಸಿರು ತೆಗೆದುಕೊಂಡಳು. “ನಂಗೂ ಓದೋಕೆ ನೆಟ್ಟಗೆ ಬರಲ್ಲ. ಕನ್ನಡಕ ಮರೆತೆ ಅಂದಿದ್ದು ಸುಳ್ಳು, ನಂಗೆ ಕನ್ನಡಕಾನೇ ಇಲ್ಲ. ಇನ್ಮೇಲೆ ಹಾಗೆ ಹೇಳಲ್ಲ. ಓದೋಕೆ ಬರಲ್ಲ ಅಂತಾನೇ ಹೇಳ್ತೀನಿ.”

“ಹೌದು ಕರ್ತನೇ,” ಎಂದರು ನರ್ಸಮ್ಮ, ಕಣ್ಣು ಮುಚ್ಚಿಕೊಂಡೇ.

“ಹೋದ ವರ್ಷ ಕಳೆದುಹೋದ ಕುರಿಯ ಕಥೆ ಆಡಿಸಿದ್ವಿ. ಶೆಡ್ಡಿನ ಪುಟ್ಟಿ ಕುರಿಯಾಗಿ ಬಚ್ಚಿಟ್ಕೊಂಡ್ಳು. ಎಷ್ಟು ಕರೆದ್ರೂ ಬರ್ಲಿಲ್ಲ. ಬಿಸ್ಕತ್ತು ಕೊಡೋ ಹೊತ್ತಾಯ್ತು, ಎಲ್ರೂ ಅದಕ್ಕೆ ಓಡಿದ್ರು. ಇದೇ ಬೀರು ಹಿಂದೆ ಇದ್ಳು ಕರ್ತನೇ, ಬೆವೆತು ನೀರಾಗಿದ್ಳು. ಯಾಕೆ ಪುಟ್ಟಿ, ಕೂಗಿದ್ದು ಕೇಳ್ಲಿಲ್ವಾ ಅಂದೆ. ಕೇಳಿಸ್ತು ಅಕ್ಕ, ನೀವು ಎಷ್ಟು ಹೊತ್ತು ಹುಡುಕ್ತೀರ ಅಂತ ನೋಡ್ತಿದ್ದೆ ಅಂದ್ಳು. ಅವ್ಳನ್ನ ಕೆಳಗೆ ನಿಲ್ಸಿ, ಬೇರೆಯವ್ರು ಹಾರೋದಕ್ಕೆ ಚಪ್ಪಾಳೆ ತಟ್ಟು ಅಂತ ನಾನು ಹೇಳಲ್ಲ.”

ಮುಂದಿನ ಮಾತು ಹುಡುಕಿದಳು. ಆ ಸಂದಿಗೇ ಕಾದಿದ್ದ ಬ್ಯಾಂಕಿನವರು, “ಆಮೆನ್,” ಎಂದರು, ಬೀಗ ಹಾಕುವ ದನಿಯಲ್ಲಿ.

“ಇನ್ನೂ ಮುಗಿದಿಲ್ಲ ಕರ್ತನೇ,” ಎಂದಳು ಅವಳು.

ಸಭಾಪಾಲಕರ ತುಟಿ ಒಮ್ಮೆ ನಡುಗಿತು, ನಗುವೋ ಕೋಪವೋ. “ಬಿಸ್ಕತ್ತು ನಾನು ಹಂಚಲ್ಲ. ಚಾಪೆ ಹಾಸ್ತೀನಿ. ಈ ಕೋಣೆ ಕೊಟ್ರೆ ಈ ಕೋಣೇಲಿ. ಕೊಡ್ದಿದ್ರೆ ಅಲ್ಲೇ, ವೇದಿಕೆ ಮುಂದೆ, ರಾಕೆಟ್ ನಿಲ್ಸೋ ಜಾಗದಲ್ಲಿ. ಬೇಡ ಅನ್ನೋರು ಬಂದು ಎತ್ತಲಿ. ಮಕ್ಕಳು ಕೂತಿರುವಾಗ, ಎಲ್ರೂ ನೋಡ್ತಿರುವಾಗ ಎತ್ತಲಿ. ಇಷ್ಟೇ ನಾನು ಕೇಳೋದು. ಕೇಳೋದಲ್ಲ, ಹೇಳೋದು. ಆಮೆನ್.”

“ಆಮೆನ್!” ನರ್ಸಮ್ಮ ಕುರ್ಚಿಯ ಕೈ ತಟ್ಟಿದರು. ಸಭಾಪಾಲಕರು ತಡವರಿಸಿದರು, ಪ್ರಾರ್ಥನೆಗೆ ಆಮೆನ್ ಅನ್ನದ ಸಭಾಪಾಲಕ ಏನಾಗುತ್ತಾನೆಂದು ಅವರೂ ಯೋಚಿಸಿದಂತಿತ್ತು. “ಆಮೆನ್,” ಎಂದರು, ಕೆಳದನಿಯಲ್ಲಿ. ಎಲ್ಲರೂ ಬ್ಯಾಂಕಿನವರ ಕಡೆ ನೋಡಿದರು.

“ನಾನು ಆಗ್ಲೇ ಹೇಳಾಯ್ತಲ್ಲ,” ಎಂದರು ಅವರು, ಹೇಳಿದ ಮೇಲೆ, ಅವಳ ಮಾತಿಗೇ ತಾವು ಆಮೆನ್ ಅಂದುಬಿಟ್ಟದ್ದು ಹೊಳೆದು ಕಿವಿ ಕೆಂಪಾಗಿ.

“ಸರಿ,” ಸಭಾಪಾಲಕರು ಗಡ್ಡ ಸವರಿದರು. “ರಾಕೆಟ್ಟೂ ಇರ್ಲಿ, ಚಾಪೇನೂ ಇರ್ಲಿ. ಆ ಭೂಮಿ ತಂಡದ್ದು ಏನಾದ್ರೂ...”

“ಭೂಮಿ ತಂಡ ಬೇಡ ಪಾಸ್ಟರ್ರೇ. ಹತ್ತಿದ್ರೆ ಎಲ್ರೂ ಹತ್ಬೇಕು,” ಎಂದಳು ಅವಳು. ಈ ಸಲ ನಡುವೆ ದೇವರಿರಲಿಲ್ಲ. ಕಣ್ಣುಗಳೆಲ್ಲ ತೆರೆದಿದ್ದವು, ಮಾತು ನೇರ ಮುಖಕ್ಕೇ ಹೋಗಿ ತಾಕಿತು.

ಅತ್ತಿಗೆ ಆಮೆನ್ ಅಂದಿರಲಿಲ್ಲ. ಪ್ರೊಜೆಕ್ಟರಿನ ವೈರು ಸುತ್ತಿ, ಹಾಳೆಗಳನ್ನು ಬ್ಯಾಗಿಗೆ ತುಂಬಿ, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಅವಳ ಕುರ್ಚಿಯ ಮುಂದೆ ಬಂದು ನಿಂತರು. “ಪ್ರಾರ್ಥನೇಲಿ ಹೀಗೆಲ್ಲ ಮಾತಾಡ್ತಾರೇನೇ?”

“ಮಾತಲ್ಲಿ ಜಾಗ ಸಿಗ್ಲಿಲ್ಲ ಅತ್ತಿಗೆ.”

“ನಾಲ್ಕು ಜನರ ಮುಂದೆ ನನ್ನನ್ನ ಏನು ಮಾಡ್ದೆ ಗೊತ್ತಾ? ತಿಂಗಳಿಂದ ಕೂತು ಹುಡುಕಿದೀನಿ.”

“ಗೊತ್ತು.” ಗೊತ್ತಿತ್ತು. ಅತ್ತಿಗೆಯ ಕಣ್ಣಂಚು ಒದ್ದೆಯಾಗಿದ್ದನ್ನು ಅವಳು ನೋಡಿದಳು, ಆದರೆ ಮಾತನ್ನು ಬದಲಿಸಲಿಲ್ಲ.

“ಏಳು. ಮನೆಗೆ ಹೋಗಿ ಮಾತಾಡೋಣ.”

ಮನೆಯ ಮಾತು ಹೇಗಿರುತ್ತದೆಂದು ಅವಳು ಬಲ್ಲಳು. ಪಾತ್ರೆ ತೊಳೆಯುವ ಸದ್ದಿನ ಜೊತೆ ಶುರುವಾಗುತ್ತದೆ. ನಿನ್ನ ಒಳ್ಳೇದಕ್ಕೇ ಅಲ್ವಾ ಹೇಳೋದು ಎಂಬಲ್ಲಿಗೆ ಬರುತ್ತದೆ. ಅಣ್ಣ ಪತ್ರಿಕೆ ಕೆಳಗಿಳಿಸಿ, ಏನು ಗಲಾಟೆ ನಿಮ್ಮದು ಎಂದು ನಗುತ್ತಾನೆ. ತಟ್ಟೆ ಒರೆಸಿ ಇಡುವಷ್ಟರಲ್ಲಿ ಅವಳು ಹೂಂ ಅಂದಿರುತ್ತಾಳೆ. ಆ ಹೂಂ ಎಷ್ಟು ಸಲ ಅಂದಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ಬ್ಯಾಂಕಿನವರು ಬೀಗದ ಕೈಗೊಂಚಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ನರ್ಸಮ್ಮ ಏನೂ ಇಲ್ಲದ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದರು.

“ಇಲ್ಲೇ ಮಾತಾಡಿ ಅತ್ತಿಗೆ, ಕೇಳ್ತೀನಿ,” ಎಂದಳು. ಪಕ್ಕದ ಕುರ್ಚಿಯನ್ನು ಎಳೆದು, ತನಗೆ ಎದುರಾಗಿ ತಿರುಗಿಸಿಟ್ಟಳು.

ಅತ್ತಿಗೆ ಕೂರಲಿಲ್ಲ. ಹಿರಿಯರು ನಿಂತಿರುವಾಗ ಅವಳು ಕೂತೇ ಇದ್ದದ್ದು ಅದೇ ಮೊದಲು. ಮೊಣಕಾಲು ಅಭ್ಯಾಸದಂತೆ ಏಳಲು ನೋಡಿತು. ಅಂಗೈಗಳನ್ನು ಮಂಡಿಯ ಮೇಲೆ ಊರಿ ಅದನ್ನು ಅಲ್ಲೇ ಅದುಮಿ ಹಿಡಿದಳು.